ಮಗಳಿಗೊಂದು ಪತ್ರ: ಔಷಧಿ ಅಂಗಡಿ ಹಿಂದಿನ ಬಂಡೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು "ಅಮ್ಮಾ, ಮಾಟಗಾತಿಯರನ್ನ ಸುಟ್ಟ ಊರಿಗೆ ಹೋಗಿದ್ಯಂತೆ, ಹೇಗಿತ್ತು?" ಅಂತ ಕೇಳಿದಾಗ ನಾನು ಸರಿಯಾಗಿ ಹೇಳಲೇ ಇಲ್ಲ. ಪಕ್ಕದಲ್ಲಿ ನಿಮ್ಮಣ್ಣ ಕ್ರಿಕೆಟ್ ಹಾಕಿಕೊಂಡು ಕೂತಿದ್ದ, ಮಗು ಬೇರೆ ಎದ್ದು ರಾಗ ತೆಗೆದಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಲಾ ಓದುತ್ತಿರುವ ನಿನಗೆ ಇದು ನನಗಿಂತ ಜಾಸ್ತಿ ಬೇಕಾದ ವಿಷಯ.

ಮೊದಲನೆಯದಾಗಿ, ಸುಟ್ಟಿಲ್ಲ ಕಣೇ. ಸೇಲಂನಲ್ಲಿ ಒಬ್ಬರನ್ನೂ ಸುಟ್ಟಿಲ್ಲ. (ನಿಮ್ಮ ಅತ್ತೆ ಕೇಳಿದರೆ ಹೇಳು, ಇದು ತಮಿಳುನಾಡಿನ ಸೇಲಂ ಅಲ್ಲ, ಬೋಸ್ಟನ್ನಿಂದ ಅರ್ಧ ಗಂಟೆ ರೈಲು.) ಯುರೋಪಿನಲ್ಲಿ ಎಷ್ಟೋ ಕಡೆ ಸುಟ್ಟಿದ್ದಾರೆ, ಸ್ಕಾಟ್ಲೆಂಡಿನಲ್ಲೂ ಸುಟ್ಟಿದ್ದಾರೆ. ಆದರೆ ಈ ಸೇಲಂ ಇರುವ ಮ್ಯಾಸಚೂಸೆಟ್ಸ್ ಆಗ ಇಂಗ್ಲೆಂಡಿನ ಕೈಕೆಳಗಿತ್ತು, ಇಂಗ್ಲೆಂಡಿನ ಕಾನೂನಿನಲ್ಲಿ ಮಾಟ ಮಾಡುವುದು ಕೊಲೆ, ದರೋಡೆಯ ಸಾಲಿಗೆ ಸೇರಿದ ಅಪರಾಧ, ಅದಕ್ಕೆ ಶಿಕ್ಷೆ ನೇಣು. 1692ರ ಜೂನ್‌ನಿಂದ ಸೆಪ್ಟೆಂಬರ್ ಒಳಗೆ 19 ಜನರನ್ನು ನೇಣಿಗೆ ಹಾಕಿದರು. 14 ಹೆಂಗಸರು, 5 ಗಂಡಸರು. ಅವರ ಜೊತೆಗೆ ಜೈಲ್ಸ್ ಕೋರಿ ಅನ್ನುವ, 80ರ ಆಸುಪಾಸಿನ ಒಬ್ಬ ಮುದುಕನ ಎದೆ ಮೇಲೆ ಕಲ್ಲು ಹೇರಿ ಕೊಂದರು. ಜೈಲಿನಲ್ಲೇ ಸತ್ತವರು ಕಡಿಮೆ ಅಂದರೂ ಐದು ಜನ, ಅದರಲ್ಲಿ ಒಂದು ಹಸುಗೂಸು.

ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡು ಆ ಊರಿಗೆ ಕಾಲಿಟ್ಟರೆ ಒಂಥರಾ ತಬ್ಬಿಬ್ಬಾಗುತ್ತದೆ. ಪೊಲೀಸ್ ಕಾರಿನ ಮೇಲೆ ಪೊರಕೆ ಏರಿ ಹಾರುವ ಮಾಟಗಾತಿಯ ಚಿತ್ರ. ಹೈಸ್ಕೂಲಿನ ಆಟದ ತಂಡದ ಹೆಸರೂ ಮಾಟಗಾತಿಯರು ಅಂತಲೇ. ಪೇಟೆ ಬೀದಿಯಲ್ಲಿ ಚೂಪು ಟೋಪಿ, ಟೀ ಶರ್ಟು, ಭವಿಷ್ಯ ಹೇಳುವವರು, ಮಂತ್ರದ ಕಡ್ಡಿ ಮಾರುವವರು. ಹಳೆಯ ಟಿವಿ ಧಾರಾವಾಹಿಯೊಂದರ ಮಾಟಗಾತಿ ನಾಯಕಿಗೆ ಕಂಚಿನ ಪ್ರತಿಮೆ ಬೇರೆ ಇದೆ, ಅರ್ಧಚಂದ್ರನ ಮುಂದೆ ಪೊರಕೆ ಏರಿ ಕೂತಿದ್ದಾಳೆ, ಜನ ಸಾಲುಗಟ್ಟಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಮ್ಮ ಅತ್ತಿಗೆ ಹೇಳುತ್ತಿದ್ದಳು, ಅಕ್ಟೋಬರ್‌ನಲ್ಲಿ ಬಂದರೆ ಕಾಲಿಡೋಕೂ ಜಾಗ ಇರಲ್ಲ ಅಂತ. ಆ ಒಂದೇ ತಿಂಗಳಲ್ಲಿ ಹತ್ತು ಲಕ್ಷ ಜನ ಬಂದ ವರ್ಷಗಳೂ ಇವೆಯಂತೆ. ನಾನೇನು ಮೂಗು ಮುರಿಯಲಿಲ್ಲ. ಊರಿನವರು ಬದುಕಬೇಕಲ್ಲ. ಆದರೆ ಆ 19 ಜನರಲ್ಲಿ ಯಾರೂ ಮಾಟಗಾತಿಯಾಗಿರಲಿಲ್ಲ, ಆಗಿಲ್ಲ ಅಂತ ಹೇಳಿದ್ದಕ್ಕೇ ಅವರು ಸತ್ತಿದ್ದು. ಅವರ ಹೆಸರಿನಲ್ಲಿ ಪೊರಕೆ ಮಾರುವುದು ಅಂದರೆ ಏನೋ ಒಂದು ಕಡೆ ಚುಚ್ಚುತ್ತದೆ.

ನಾವು ನೋಡಲು ಹೋಗಿದ್ದು ನೇಣು ಹಾಕಿದ ಜಾಗ. ಅಲ್ಲಿ ಗ್ಯಾಲೋಸ್ ಹಿಲ್ ಅಂತ ಒಂದು ಗುಡ್ಡ ಇದೆ, ನೇಣುಗುಡ್ಡ. ಅದರ ಮೇಲೆ ಈಗ ಪಾರ್ಕು, ಮಕ್ಕಳ ಜಾರುಬಂಡೆ, ಆಟದ ಮೈದಾನ. ತಲೆಮಾರುಗಳಿಂದ ಎಲ್ಲರೂ ನಂಬಿದ್ದು ಗುಡ್ಡದ ತುದಿಯಲ್ಲೇ ನೇಣು ಹಾಕಿದರು ಅಂತ. ನಂಬುವುದೂ ಸುಲಭ. ಎತ್ತರದ ಜಾಗ, ಆಕಾಶದ ಎದುರಿಗೆ ನೇಣುಗಂಬ, ಕೆಳಗೆ ಊರು. ಸಿನಿಮಾದವರು ಜಾಗ ಹುಡುಕಿದರೂ ಅದನ್ನೇ ಆರಿಸುತ್ತಾರೆ. 1766ರಷ್ಟು ಹಿಂದೆಯೇ ಜಾನ್ ಆಡಮ್ಸ್, ಅಂದರೆ ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು, ಸೇಲಂನಲ್ಲಿ "ಮಾಟದ ಗುಡ್ಡ" ನೋಡಿ ಬಂದೆ ಅಂತ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಂದರೆ ನೇಣು ಹಾಕಿ ಎಪ್ಪತ್ತು ಚಿಲ್ಲರೆ ವರ್ಷಕ್ಕೇ ಅದು ನೋಡಿಕೊಂಡು ಬರುವ ಜಾಗವಾಗಿತ್ತು.

ಆದರೆ ಜಾಗ ಅದಲ್ಲ. ನಿಜವಾದ ಜಾಗ ಗುಡ್ಡದ ಬುಡದ ಕಡೆ, ಪೋಪ್ ಸ್ಟ್ರೀಟ್ ಅನ್ನುವ ಸಣ್ಣ ರಸ್ತೆಯಲ್ಲಿದೆ, ವಾಲ್‌ಗ್ರೀನ್ಸ್ ಔಷಧಿ ಅಂಗಡಿಯ ಹಿಂದೆ. ನಿಜವಾಗಿಯೂ. ಅಂಗಡಿಯ ಹಿಂಭಾಗ, ಆಚೆ ಕಡೆ ಮರ ಪೊದೆ ಬೆಳೆದ ಒಂದು ಬಂಡೆಯ ದಿಬ್ಬ, ಸುತ್ತ ಜನ ವಾಸ ಮಾಡುವ ಮನೆಗಳು. ಪ್ರಾಕ್ಟರ್ಸ್ ಲೆಡ್ಜ್ ಅಂತ ಅದಕ್ಕೆ ಹೆಸರು, ಯಾಕೆಂದರೆ ಆಮೇಲೆ ಆ ಜಮೀನು ಪ್ರಾಕ್ಟರ್ ಮನೆತನದ ಕೈಗೆ ಬಂತು. ಅದೇ ಮನೆತನದ ಜಾನ್ ಪ್ರಾಕ್ಟರ್ ಇಲ್ಲೇ ನೇಣಿಗೆ ಹೋದವನು! ದಿಬ್ಬದ ಕೆಳಗೆ ಅರ್ಧಚಂದ್ರದ ಹಾಗೆ ಒಂದು ಕಲ್ಲಿನ ಗೋಡೆ ಕಟ್ಟಿದ್ದಾರೆ, 19 ಹೆಸರು, ಪ್ರತಿ ಹೆಸರಿನ ಜೊತೆ ಸತ್ತ ದಿನ. ಮಧ್ಯೆ ಒಂದು ಓಕ್ ಗಿಡ. ಅಷ್ಟೇ. ಟಿಕೆಟ್ ಇಲ್ಲ, ಅಂಗಡಿ ಇಲ್ಲ. ನಾವು ಹೋದಾಗ ನಮ್ಮನ್ನು ಬಿಟ್ಟು ಅಲ್ಲಿ ಯಾರೂ ಇರಲಿಲ್ಲ, ಎದುರು ಮನೆಯವರೊಬ್ಬರು ಕಸದ ಡಬ್ಬಿ ರಸ್ತೆಗೆ ಎಳೆದು ತಂದಿಟ್ಟು ನಮ್ಮ ಕಡೆ ತಲೆ ಆಡಿಸಿ ಒಳಗೆ ಹೋದರು. ನಿಮ್ಮಣ್ಣ "ಇಷ್ಟೇನಾ ಅಮ್ಮಾ" ಅಂದ. ನನಗೆ ಇಷ್ಟೇ ಇದ್ದದ್ದೇ ಸರಿ ಅನಿಸಿತು.

ಜಾಗವನ್ನು ಪತ್ತೆ ಮಾಡಿದ ಕತೆ ಕೇಳು, ಇದು ನಿನಗೆ ಇಷ್ಟವಾಗುತ್ತದೆ.

ಆ ಕಾಲದ ಕಾಗದಪತ್ರ ರಾಶಿ ರಾಶಿ ಉಳಿದಿದೆ. ವಾರಂಟು, ದೂರು, ಹೇಳಿಕೆ, ಅರ್ಜಿ, ಜೈಲಿನ ಖರ್ಚಿನ ಲೆಕ್ಕ, ಎಲ್ಲವೂ. ಇಂಥ ಕಡೆ ನೇಣು ಹಾಕಿದೆವು ಅನ್ನುವುದೊಂದನ್ನು ಮಾತ್ರ ಅದರಲ್ಲಿ ಯಾರೂ ಬಿಡಿಸಿ ಬರೆದಿಲ್ಲ. ಮೊದಲು ಸತ್ತವಳು ಬ್ರಿಜೆಟ್ ಬಿಷಪ್, ಜೂನ್ 10ರಂದು. ಅವಳ ಮರಣ ವಾರಂಟು ಇವತ್ತಿಗೂ ಇದೆ. ಅದರಲ್ಲಿ ಷೆರಿಫ್ ಜಾರ್ಜ್ ಕಾರ್ವಿನ್, ಇನ್ನೂ ಮೂವತ್ತು ದಾಟದ ಹುಡುಗ, ಇವಳನ್ನು ಜೈಲಿನಿಂದ ಕರೆದುಕೊಂಡು "ನೇಣಿಗೆಂದು ಗೊತ್ತು ಮಾಡಿದ ಜಾಗಕ್ಕೆ" ತಲುಪಿಸಿ, ಸಾಯುವ ತನಕ ನೇಣು ಹಾಕಿಸಿದೆ ಅಂತ ವರದಿ ಬರೆದು ಸಹಿ ಮಾಡಿದ್ದಾನೆ. ಮುಂದೆ "ಅಲ್ಲೇ ಹೂಳಿಸಿದೆ" ಅಂತಲೂ ಬರೆದು, ಆಮೇಲೆ ಅಷ್ಟನ್ನು ಹೊಡೆದು ಹಾಕಿದ್ದಾನೆ. ಯಾಕೆ ಹೊಡೆದ? ಆ ಗೀಟಿನ ಬಗ್ಗೆ ನಾನು ಇನ್ನೂ ಯೋಚನೆ ಮಾಡುತ್ತಲೇ ಇದ್ದೇನೆ. ನಾನೂ ಬ್ಯಾಂಕಿನಲ್ಲಿ ಅಷ್ಟು ವರ್ಷ ರಿಜಿಸ್ಟರ್ ನೋಡಿದವಳು, ಹೊಡೆದು ಹಾಕಿದ ಸಾಲು ಕಂಡರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಸಿಡ್ನಿ ಪರ್ಲಿ ಅನ್ನುವ ಸ್ಥಳೀಯ ಇತಿಹಾಸಕಾರ ನೂರು ವರ್ಷದ ಹಿಂದೆಯೇ ಹಳೆಯ ಜಮೀನು ದಾಖಲೆ, ಮನೆತನಗಳ ಬಾಯಿಮಾತು ಎಲ್ಲ ಹುಡುಕಿ, ಜಾಗ ಗುಡ್ಡದ ತುದಿಯಲ್ಲ, ಕೆಳಗಿನ ಈ ಬಂಡೆ ಅಂತ ಹೇಳಿದ್ದ. ನಗರಸಭೆಯೂ ಒಪ್ಪಿಕೊಂಡು 1936ರಲ್ಲಿ ಒಂದು ತುಂಡು ಜಮೀನು ಕೊಂಡುಕೊಂಡಿತು. ಕೊಂಡು ಸುಮ್ನೆ ಬಿಟ್ಟಿತು. ಒಂದು ಬೋರ್ಡು ಕೂಡ ಹಾಕಲಿಲ್ಲ. ಜನ ಮತ್ತೆ ಮರೆತರು. ಎಷ್ಟರ ಮಟ್ಟಿಗೆ ಅಂದರೆ, ಆಮೇಲೆ ಬಂದ ವಿದ್ವಾಂಸರು ಇದನ್ನು ಹೊಸದಾಗಿ ಸಾಬೀತು ಮಾಡಬೇಕಾಯಿತು. 2016ರ ಜನವರಿಯಲ್ಲಿ ಎಮರ್ಸನ್ ಬೇಕರ್, ಮ್ಯಾರಿಲಿನ್ ರೋಚ್, ಬೆಂಜಮಿನ್ ರೇ ಮತ್ತು ಅವರ ಜೊತೆಯವರು ಹೌದು ಇದೇ ಜಾಗ ಅಂತ ಪ್ರಕಟಿಸಿದರು. 2017ರ ಜುಲೈ 19ಕ್ಕೆ ಆ ಗೋಡೆಯ ಸ್ಮಾರಕ ಉದ್ಘಾಟನೆಯಾಯಿತು. ಒಂದೇ ದಿನ ಐದು ಹೆಂಗಸರನ್ನು ನೇಣಿಗೆ ಹಾಕಿ ಸರಿಯಾಗಿ 325 ವರ್ಷಕ್ಕೆ.

ಅವರಿಗೆ ಸಿಕ್ಕಿದ ದೊಡ್ಡ ಸುಳಿವು ಏನು ಗೊತ್ತಾ? ವಿಚಾರಣೆಯ ದಾಖಲೆಯಲ್ಲಿದ್ದ ಒಂದೆರಡು ಸಾಲು. ಆಗಸ್ಟ್ 19ರಂದು ಐದು ಜನರನ್ನು ನೇಣಿಗೆ ಹಾಕಿದ ದಿನವೇ ರೆಬೆಕಾ ಈಮ್ಸ್ ಅನ್ನುವ ಹೆಂಗಸನ್ನು ಹಿಡಿದು ಸೇಲಂಗೆ ತರುತ್ತಿದ್ದರು. ವಿಚಾರಣೆ ಮಾಡುವವರು ನೇಣು ಹಾಕುವಾಗ ನೀನು ಅಲ್ಲಿದ್ದೆಯಾ ಅಂತ ಕೇಳಿದರು. ಅವಳು, ನಾನು ಗುಡ್ಡದ ಕೆಳಗಿನ ಮನೆಯಲ್ಲಿದ್ದೆ, ಕೆಲವು ಜನ ಕಂಡರು ಅಂದಳು. ಆ ಮನೆಯ ಯಜಮಾನಿ ಕಾಲಿಗೆ ಪಿನ್ನು ಚುಚ್ಚಿತ್ತಂತೆ, ಅದನ್ನು ನಾನು ಮಾಡಿದ್ದಲ್ಲ ಅಂತಲೂ ಹೇಳಿದಳು ಪಾಪ. ಯಾರ ಕಾಲಿಗೋ ಪಿನ್ನು ಚುಚ್ಚಿದರೂ ಇವಳ ತಲೆಗೇ ಬರುವ ಕಾಲ ಅದು. ಸರಿ, ಆ ಮನೆ ಯಾವುದು ಅಂತ ಹುಡುಕಿದರು, ಬೋಸ್ಟನ್ ರಸ್ತೆಯಲ್ಲಿ ಸಿಕ್ಕಿತು. ಅಲ್ಲಿ ನಿಂತರೆ ಯಾವ್ಯಾವ ಎತ್ತರ ಕಣ್ಣಿಗೆ ಬೀಳುತ್ತದೆ ಅಂತ ಕಂಪ್ಯೂಟರಿನಲ್ಲಿ ನಕ್ಷೆ ಹಾಕಿ ನೋಡಿದರೆ, ಗುಡ್ಡದ ತುದಿ ಕಾಣುವುದೇ ಇಲ್ಲ! ಕಾಣುವುದು ಈ ಬಂಡೆ. ಮುನ್ನೂರು ವರ್ಷ ಎಲ್ಲರೂ ತಲೆ ಎತ್ತಿ ಗುಡ್ಡದ ತುದಿ ನೋಡಿದರು, ಇವಳೊಬ್ಬಳು ಕಿಟಕಿಯಲ್ಲೋ ಬಾಗಿಲಲ್ಲೋ ನಿಂತು ಕಂಡಿದ್ದನ್ನು ಕಂಡ ಹಾಗೆ ಹೇಳಿದ್ದಳು.

ಯೋಚನೆ ಮಾಡಿದರೆ ಜಾಗ ಇಲ್ಲೇ ಇರಬೇಕಾಗಿತ್ತು. ನೇಣು ಹಾಕುವುದೇ ಜನ ನೋಡಲಿ ಅಂತ. ಊರಿನ ಗಡಿ ದಾಟಿದ ಕೂಡಲೇ, ದೊಡ್ಡ ರಸ್ತೆಯ ಪಕ್ಕ, ಗಾಡಿ ಹತ್ತುವಷ್ಟು ಎತ್ತರ ಸಾಕು. ಗುಡ್ಡದ ತುದಿಗೆ ಎಂಟು ಜನರನ್ನು ಗಾಡಿಯಲ್ಲಿ ಎಳೆದುಕೊಂಡು ಯಾರು ಹೋಗುತ್ತಾರೆ? ಸೆಪ್ಟೆಂಬರ್ 22ರಂದು ಕೊನೆಯ ಎಂಟು ಜನರ ಗಾಡಿ ಈ ಸಣ್ಣ ಏರಿನಲ್ಲೇ ಸಿಕ್ಕಿಕೊಂಡಿತ್ತಂತೆ. ಸೈತಾನನೇ ಗಾಡಿಯನ್ನು ತಡೆದಿದ್ದಾನೆ ಅಂದರಂತೆ ದೂರು ಕೊಟ್ಟ ಹುಡುಗಿಯರು. ಇದನ್ನು ಬರೆದಿಟ್ಟವನು ರಾಬರ್ಟ್ ಕ್ಯಾಲೆಫ್, ಬೋಸ್ಟನ್ನಿನ ಬಟ್ಟೆ ವ್ಯಾಪಾರಿ.

ಅವನು ಬರೆದ ಇನ್ನೊಂದು ವಿಷಯ ಓದಿ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಜಾರ್ಜ್ ಬರೋಸ್ ಅಂತ ಒಬ್ಬ ಪಾದ್ರಿ, ಅವನನ್ನೂ ಮಾಟದ ಆರೋಪಕ್ಕೆ ನೇಣಿಗೆ ತಂದರು. ಏಣಿ ಮೇಲೆ ನಿಂತು ಅವನು ಏಸುವಿನ ಪ್ರಾರ್ಥನೆಯನ್ನು ಒಂದು ಅಕ್ಷರ ತಪ್ಪದೆ ಹೇಳಿದ. ಮಾಟ ಕಲಿತವರ ಬಾಯಲ್ಲಿ ಅದು ತಪ್ಪಿಲ್ಲದೆ ಬರುವುದೇ ಇಲ್ಲ ಅನ್ನುವುದು ಆಗಿನ ನಂಬಿಕೆ. ಜನ ಅತ್ತರು, ಬಿಡಿಸಿಬಿಡುತ್ತಾರೇನೋ ಅನ್ನುವಷ್ಟು ಗುಂಪು ಅಲ್ಲಾಡಿತು. ಆಗ ಕುದುರೆ ಮೇಲಿದ್ದ ಕಾಟನ್ ಮ್ಯಾಥರ್ ಅನ್ನುವ ದೊಡ್ಡ ಪಾದ್ರಿ, ಸೈತಾನ ದೇವದೂತನ ವೇಷದಲ್ಲೂ ಬರುತ್ತಾನೆ ಅಂತ ಹೇಳಿ ಎಲ್ಲರನ್ನೂ ಸುಮ್ಮನಾಗಿಸಿದ. ತಪ್ಪಿದರೆ ಮಾಟಗಾರ, ತಪ್ಪದಿದ್ದರೂ ಮಾಟಗಾರ. ನೇಣಾದ ಮೇಲೆ ಬರೋಸ್‌ನ ಹೆಣವನ್ನು ಹಗ್ಗದಲ್ಲಿ ಎಳೆದು ಬಂಡೆ ಸಂದಿನ, ಎರಡು ಅಡಿ ಆಳದ ಗುಂಡಿಗೆ ಹಾಕಿದರು, ಒಂದು ಕೈ, ಗದ್ದ ಮೇಲೆಯೇ ಕಾಣುತ್ತಿತ್ತು ಅಂತ ಕ್ಯಾಲೆಫ್ ಬರೆದಿದ್ದಾನೆ. ಈಗಿನ ಸಂಶೋಧಕರು ನೆಲದೊಳಗೆ ರೇಡಾರ್ ಹಾಯಿಸಿ ನೋಡಿದಾಗ ಅಲ್ಲಿ ಮಣ್ಣು ಇರುವುದೇ ಮೂರು ಅಡಿಗಿಂತ ಕಡಿಮೆ, ಗೋರಿ ಯಾವುದೂ ಇಲ್ಲ. ರೆಬೆಕಾ ನರ್ಸ್‌ಳ ಮಗ ರಾತ್ರಿ ದೋಣಿ ತಂದು ಅಮ್ಮನ ಹೆಣವನ್ನು ಮನೆಗೆ ಒಯ್ದ ಅಂತ ಅವರ ಮನೆತನದಲ್ಲಿ ಹೇಳುತ್ತಾ ಬಂದಿದ್ದಾರೆ. ಆಗ ಹೊಳೆ ಆ ಬಂಡೆಯ ಹತ್ತಿರದವರೆಗೂ ಬರುತ್ತಿತ್ತು.

ಇದೆಲ್ಲ ಹೇಗೆ ಶುರುವಾಯಿತು ಅನ್ನುವುದನ್ನು ನೀನು ಎಲ್ಲಾದರೂ ಓದಿಯೇ ಇರುತ್ತೀಯ, ಚಿಕ್ಕದಾಗಿ ಹೇಳುತ್ತೇನೆ. ಸೇಲಂ ಹಳ್ಳಿ ಅಂತ ಪಕ್ಕದಲ್ಲೇ ಇತ್ತು, ಈಗ ಅದು ಡ್ಯಾನ್ವರ್ಸ್ ಊರು. ಅಲ್ಲಿನ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯಲ್ಲಿ 9 ವರ್ಷದ ಮಗಳು, 11 ವರ್ಷದ ಇನ್ನೊಬ್ಬ ಹುಡುಗಿ ಚೀರುವುದು, ಮೈ ತಿರುಚುವುದು ಶುರು ಮಾಡಿದರು. ವೈದ್ಯ ಮಾಟ ಅಂದ. ಪಕ್ಕದ ಮನೆಯವಳ ಮಾತು ಕೇಳಿ ಆ ಹುಡುಗಿಯರ ಮೂತ್ರವನ್ನೇ ಹಿಟ್ಟಿಗೆ ಹಾಕಿ ರೊಟ್ಟಿ ಸುಟ್ಟು ನಾಯಿಗೆ ತಿನ್ನಿಸಿದರು, ಮಾಟ ಮಾಡಿದವರು ಯಾರು ಅಂತ ಗೊತ್ತಾಗಲಿ ಅಂತ. ಮೊದಲು ಹಿಡಿದದ್ದು ಮೂವರನ್ನು. ಟಿಟುಬಾ, ಪಾದ್ರಿ ಮನೆಯ ಗುಲಾಮಳು. ಸಾರಾ ಗುಡ್, ಮನೆಮನೆ ಬೇಡಿ ತಿನ್ನುತ್ತಿದ್ದವಳು. ಸಾರಾ ಆಸ್‌ಬರ್ನ್, ಹಾಸಿಗೆ ಹಿಡಿದ, ಆಸ್ತಿ ಜಗಳವಿದ್ದ ಹೆಂಗಸು. ಪರ ಮಾತಾಡುವವರು ಯಾರೂ ಇಲ್ಲದ ಮೂವರನ್ನೇ ಆರಿಸಿದ್ದು ನೋಡು. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳನ್ನೂ ಸಂಕೋಲೆ ಹಾಕಿ ತಿಂಗಳುಗಟ್ಟಲೆ ಜೈಲಿನಲ್ಲಿ ಇಟ್ಟರು. ಮುಂದೆ ಆ ಮಗುವಿನ ಬುದ್ಧಿ ಸರಿ ಹೋಗಲೇ ಇಲ್ಲ ಅಂತ ಅಪ್ಪ ಸರ್ಕಾರಕ್ಕೆ ಅರ್ಜಿ ಬರೆದಿದ್ದಾನೆ. ಕಾರಣಗಳನ್ನು ಹುಡುಕುವವರು ಬೇಕಾದಷ್ಟು ಹೇಳುತ್ತಾರೆ. ಉತ್ತರದ ಯುದ್ಧದಿಂದ ಓಡಿಬಂದ ನಿರಾಶ್ರಿತರ ಭಯ, ಪಟ್ನಂ ಮನೆತನದ ಹಳೆಯ ದ್ವೇಷ, ಪಾದ್ರಿಯ ಸಂಬಳ, ಸೌದೆಯ ಜಗಳ. ಬೂಸ್ಟು ಹಿಡಿದ ರೈ ಧಾನ್ಯ ತಿಂದು ಹಾಗಾಯಿತು ಅಂತಲೂ 1976ರಲ್ಲಿ ಒಂದು ವಾದ ಬಂತು, ತಜ್ಞರು ಜಾಸ್ತಿ ಒಪ್ಪಲಿಲ್ಲ. ನನಗೂ ಅದು ಒಪ್ಪಿಗೆಯಿಲ್ಲ. ಹುಡುಗಿಯರು ಏನು ತಿಂದರೇನು, ವಾರಂಟಿಗೆ ಸಹಿ ಹಾಕಿದ ಜಡ್ಜುಗಳೇನು ತಿಂದಿದ್ದರು?

ಕೋರ್ಟಿನ ವಿಷಯಕ್ಕೆ ಬರುತ್ತೇನೆ. ಆರೋಪಿಗಳಿಗೆ ವಕೀಲರಿಲ್ಲ. ಸಾಕ್ಷಿ ಅಂದರೆ ಹುಡುಗಿಯೊಬ್ಬಳು ಎದ್ದು ನಿಂತು, ಅವಳ ರೂಪ ರಾತ್ರಿ ನನ್ನ ಕೋಣೆಗೆ ಬಂದು ಕತ್ತು ಹಿಚುಕಿತು ಅನ್ನುವುದು. ಸ್ಪೆಕ್ಟ್ರಲ್ ಎವಿಡೆನ್ಸ್ ಅಂತ ಇದಕ್ಕೆ ಹೆಸರು. ನಾನು ಆ ರಾತ್ರಿ ಮನೆಯಲ್ಲೇ ಮಲಗಿದ್ದೆ ಅಂದರೆ, ದೇಹ ಮಲಗಿತ್ತು, ರೂಪ ಬಂದಿತ್ತು ಅನ್ನುತ್ತಾರೆ. ಇದಕ್ಕೆ ನೀನು ಯಾವ ಪಾಟೀಸವಾಲು ಹಾಕುತ್ತೀಯ, ಹೇಳು? ಕಂಡಿದ್ದು ದೂರುದಾರಳಿಗೆ ಮಾತ್ರ, ಕೋರ್ಟಿನಲ್ಲೇ ಬಿದ್ದು ಒದ್ದಾಡುವುದೂ ಅವಳೇ. ರೆಬೆಕಾ ನರ್ಸ್ 71 ವರ್ಷದ ಅಜ್ಜಿ, ಊರೆಲ್ಲ ಗೌರವ ಕೊಡುತ್ತಿದ್ದ ಹೆಂಗಸು. ಅವಳು ಒಳ್ಳೆಯವಳು ಅಂತ 39 ನೆರೆಹೊರೆಯವರು ಸಹಿ ಹಾಕಿ ಕೊಟ್ಟರು. ಜೂರಿ ನಿರಪರಾಧಿ ಅಂತ ತೀರ್ಪು ಕೊಟ್ಟಿತು. ಕೊಟ್ಟ ಕೂಡಲೇ ಹುಡುಗಿಯರ ಅರಚಾಟ. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್, ಅವಳಾಡಿದ ಒಂದು ಮಾತನ್ನು ಎತ್ತಿ, ಇದನ್ನು ಗಮನಿಸಿದಿರಾ ಅಂತ ಜೂರಿಯನ್ನು ಕೇಳಿದ. ಜೂರಿ ಆ ಮಾತಿನ ಅರ್ಥ ಏನು ಅಂತ ಅಜ್ಜಿಯನ್ನೇ ಕೇಳಿದಾಗ ಕಿವಿ ಮಂದವಾಗಿದ್ದ ಅವಳಿಗೆ ಪ್ರಶ್ನೆ ಕೇಳಿಸಲಿಲ್ಲ, ಸುಮ್ಮನೆ ನಿಂತಳು. ಅಪರಾಧಿ ಅಂದುಬಿಟ್ಟರು.

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಬೇರೆ. ಹೌದು ನಾನು ಮಾಟ ಮಾಡಿದೆ ಅಂತ ಒಪ್ಪಿಕೊಂಡು ಆ ಮಾತಿಗೆ ಅಂಟಿಕೊಂಡವರು ಒಬ್ಬರೂ ನೇಣಿಗೆ ಹೋಗಲಿಲ್ಲ. ಐವತ್ತಕ್ಕೂ ಜಾಸ್ತಿ ಜನ ಒಪ್ಪಿಕೊಂಡರು. ಟಿಟುಬಾ ಒಪ್ಪಿಕೊಂಡಳು, ಬದುಕಿದಳು, ಆದರೆ ಜೈಲಿನ ಖರ್ಚು ಕಟ್ಟಲು ಪ್ಯಾರಿಸ್ ಒಪ್ಪದೆ ವರ್ಷದ ಮೇಲೂ ಒಳಗೇ ಕೊಳೆತಳು. ಗುಡ್ಡದ ಕೆಳಗಿನ ಮನೆಯಿಂದ ನೋಡಿದ ರೆಬೆಕಾ ಈಮ್ಸ್‌ಳೂ ಒಪ್ಪಿಕೊಂಡಳು, ಮರಣ ಶಿಕ್ಷೆ ಬಂದರೂ ಉಳಿದಳು. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಒಪ್ಪಿಕೊಂಡಿದ್ದ, ಆಮೇಲೆ ಅದು ಸುಳ್ಳು ಅಂತ ಹೇಳಿಕೆ ವಾಪಸ್ ತೆಗೆದುಕೊಂಡ. ಅವನನ್ನು ನೇಣಿಗೆ ಹಾಕಿದರು. ಅಂದರೆ ಆ ಗೋಡೆಯ ಮೇಲಿನ 19 ಹೆಸರು ಯಾರದು ಅಂದರೆ, ಒಂದು ಸುಳ್ಳು ಹೇಳಿ ಮನೆಗೆ ಹೋಗಬಹುದು ಅಂತ ಗೊತ್ತಿದ್ದೂ ಹೇಳದೆ ಇದ್ದವರದು, ಇಲ್ಲಾ ಹೇಳಿ ವಾಪಸ್ ತೆಗೆದುಕೊಂಡವರದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯಲ್ಲ ಅಂತ ನೀನು ಪರೀಕ್ಷೆಗೆ ಓದುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆಯಲ್ಲ, ಆಗ ನನಗೆ ಅದೊಂದು ಸೆಕ್ಷನ್ ನಂಬರ್ ಅಷ್ಟೇ ಆಗಿತ್ತು. ಜಾನ್ ಪ್ರಾಕ್ಟರ್ ಜೈಲಿನಿಂದ ಬೋಸ್ಟನ್ ಪಾದ್ರಿಗಳಿಗೆ ಪತ್ರ ಬರೆದಿದ್ದಾನೆ, ನನ್ನ ಮಗನನ್ನು ಕತ್ತು ಹಿಮ್ಮಡಿ ಸೇರಿಸಿ ಮೂಗಲ್ಲಿ ರಕ್ತ ಬರುವ ತನಕ ಕಟ್ಟಿ ಹಾಕಿದರು, ಒಪ್ಪಿಕೋ ಅಂತ. ಅದನ್ನು ಓದಿದ ಮೇಲೆ ನಿನ್ನ ಸೆಕ್ಷನ್ ಅರ್ಥವಾಯಿತು.

ಜೈಲ್ಸ್ ಕೋರಿಯದು ಇನ್ನೊಂದು ರೀತಿ. ಮೊದಲು ಅವನು ಹೆಂಡತಿ ಮಾರ್ತಾಳ ವಿರುದ್ಧವೇ ಹೇಳಿಕೆ ಕೊಟ್ಟಿದ್ದ. ಆಮೇಲೆ ತನ್ನ ಸರದಿ ಬಂದಾಗ ಈ ಕೋರ್ಟಿನ ವಿಚಾರಣೆಗೆ ನಾನು ಒಪ್ಪುವುದಿಲ್ಲ ಅಂತ ಬಾಯಿ ಮುಚ್ಚಿ ನಿಂತ. ಒಪ್ಪದೆ ವಿಚಾರಣೆ ನಡೆಸುವ ಹಾಗಿಲ್ಲ, ಅದಕ್ಕೆ ಮಲಗಿಸಿ ಕಲ್ಲು ಹೇರಿದರು. ಇನ್ನೂ ಹೇರಿ ಅಂದನಂತೆ, ಅದು ಜನ ಹೇಳುವ ಮಾತು. ಅವನು ಸತ್ತ ಮೂರನೇ ದಿನಕ್ಕೆ ಮಾರ್ತಾಳನ್ನು ಬಂಡೆಗೆ ತಂದರು.

ಅದೇ ಗಾಡಿಯಲ್ಲಿ ಬಂದವಳು ರೆಬೆಕಾಳ ತಂಗಿ ಮೇರಿ ಈಸ್ಟಿ. ಅವಳು ಸಾಯುವ ಮೊದಲು ಕೋರ್ಟಿಗೆ ಕೊಟ್ಟ ಅರ್ಜಿಯನ್ನು ನೀನು ಹುಡುಕಿ ಓದಬೇಕು. ನನ್ನ ಜೀವ ಉಳಿಸಿ ಅಂತ ಕೇಳುತ್ತಿಲ್ಲ, ನಾನು ಸಾಯಬೇಕು ಅಂತ ಗೊತ್ತು, ಆದರೆ ಇನ್ನು ಮುಂದೆ ತಪ್ಪಿಲ್ಲದವರ ರಕ್ತ ಹರಿಯದಿರಲಿ ಅಂತ ಬರೆದಿದ್ದಾಳೆ. ಅಷ್ಟಕ್ಕೇ ನಿಲ್ಲಲಿಲ್ಲ. ದೂರುದಾರರನ್ನು ಬೇರೆ ಬೇರೆ ಇಟ್ಟು ವಿಚಾರಿಸಿ, ಒಪ್ಪಿಕೊಂಡವರನ್ನೂ ಪರೀಕ್ಷಿಸಿ ಅಂತ ಜಡ್ಜುಗಳಿಗೆ ದಾರಿ ಹೇಳಿಕೊಟ್ಟಿದ್ದಾಳೆ! ಆ ಇಡೀ ಕೋರ್ಟಿನಲ್ಲಿ ಕಾನೂನು ಸರಿಯಾಗಿ ತಿಳಿದಿದ್ದವಳು ಅವಳೊಬ್ಬಳೇ ಅಂತ ನನ್ನ ಲೆಕ್ಕ.

ನಾನು ಕಲಬುರಗಿಯ ಬ್ರಾಂಚಿನಲ್ಲಿದ್ದಾಗ ಬಾನಾಮತಿ ಅನ್ನುವ ಮಾತು ಎಷ್ಟು ಸಲ ಕೇಳಿದ್ದೆ ಅಂತ ನಿನಗೆ ಹೇಳಿದ್ದೇನೆ. ಹೆಂಗಸರು ನಾಯಿಯ ಹಾಗೆ ಬೊಗಳುವುದು, ಮೈಮೇಲೆ ಬರೆ ಏಳುವುದು, ಆಮೇಲೆ ಮಾಡಿದವರು ಇಂಥವರು ಅಂತ ಊರು ತೀರ್ಮಾನಿಸುವುದು, ಮಂತ್ರ ಹೇಳದಿರಲಿ ಅಂತ ಅವರ ಹಲ್ಲು ಕೀಳುವುದು. ಸೇಲಂನವರ ಭಾಷೆ, ದೇವರು ಬೇರೆ, ಹೆಸರು ಹಿಡಿಯುವ ರೀತಿ ಹೆಚ್ಚುಕಮ್ಮಿ ಅದೇ. ನಮ್ಮಲ್ಲಿ ವಾಮಾಚಾರದ ವಿರುದ್ಧದ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2020ರಲ್ಲಿ. ಜಾರ್ಖಂಡಿನಲ್ಲಿ 2001ರಲ್ಲೇ ಬಂದಿದೆ. ಅಲ್ಲಿ ಚುಟ್ನಿ ಮಹತೋ ಅನ್ನುವವರನ್ನು 1995ರಲ್ಲಿ ಡಾಯನ್ ಅಂತ ಕರೆದು ಊರು ಬಿಡಿಸಿದ್ದರು, ಆಮೇಲೆ ಅವರೇ ಅಂಥ ಹೆಂಗಸರ ಪರ ನಿಂತು ಕೆಲಸ ಮಾಡಿದರು, 2021ರಲ್ಲಿ ಪದ್ಮಶ್ರೀ ಬಂತು. ಸೇಲಂನ ಬೀದಿಯಲ್ಲಿ ಚೂಪು ಟೋಪಿ ನೋಡುವಾಗ ನನಗೆ ನಗು ಬರದೆ ಇದ್ದದ್ದು ಇದಕ್ಕೂ ಇರಬಹುದು. ಅವರಿಗೆ ಅದು ಮುಗಿದ ಕತೆ. ನಮಗೆ ಇನ್ನೂ ಪೇಪರಿನ ಒಳಪುಟದ ಸುದ್ದಿ.

ಕೊನೆಗೆ ನಿಂತದ್ದು ಹೇಗೆ ಅಂತ ಕೇಳುತ್ತೀಯ. ದೊಡ್ಡವರ ಹೆಸರು ಬರತೊಡಗಿದ ಮೇಲೆ ನಿಂತಿತು! ಗವರ್ನರ್ ವಿಲಿಯಂ ಫಿಪ್ಸ್‌ನ ಹೆಂಡತಿಯ ಮೇಲೇ ಬೊಟ್ಟು ಮಾಡಿದರು. ಅದೇ ಹೊತ್ತಿಗೆ ಇನ್‌ಕ್ರೀಸ್ ಮ್ಯಾಥರ್, ಅಂದರೆ ಕುದುರೆ ಮೇಲೆ ಕೂತಿದ್ದ ಆ ಪಾದ್ರಿಯ ಅಪ್ಪ, ತಪ್ಪಿಲ್ಲದ ಒಬ್ಬರಿಗೆ ಶಿಕ್ಷೆಯಾಗುವ ಬದಲು ಅನುಮಾನವಿದ್ದ ಹತ್ತು ಜನ ತಪ್ಪಿಸಿಕೊಂಡರೂ ವಾಸಿ ಅಂತ ಬರೆದ. ಅಕ್ಟೋಬರ್‌ನಲ್ಲಿ ಆ ಕೋರ್ಟು ಮುಚ್ಚಿತು. ಹೊಸ ಕೋರ್ಟು ರೂಪದ ಸಾಕ್ಷಿ ನಡೆಯಲ್ಲ ಅಂದ ಕೂಡಲೇ ಹೆಚ್ಚಿನ ಕೇಸುಗಳು ಒಂದೊಂದಾಗಿ ಬಿದ್ದುಹೋದವು. 1697ರಲ್ಲಿ ಸ್ಯಾಮ್ಯುಯೆಲ್ ಸೀವಲ್ ಅನ್ನುವ ಜಡ್ಜು ಚರ್ಚಿನಲ್ಲಿ ಎದ್ದು ನಿಂತು ತನ್ನ ತಪ್ಪೊಪ್ಪಿಗೆಯನ್ನು ಓದಿಸಿದ. ಜೂರಿಯಲ್ಲಿದ್ದವರೂ ಕ್ಷಮೆ ಕೇಳಿದರು. ಸ್ಟೌಟನ್ ಮಾತ್ರ ಸಾಯುವ ತನಕ ಕೇಳಲಿಲ್ಲ.

ಹೆಸರುಗಳ ಮೇಲಿನ ಕಳಂಕ ತೆಗೆಯಲು ಹಿಡಿದ ಕಾಲ ನೋಡು. 1711ರಲ್ಲಿ ಕೆಲವರ ಶಿಕ್ಷೆ ರದ್ದು ಮಾಡಿ ಮನೆಯವರಿಗೆ ದುಡ್ಡು ಕೊಟ್ಟರು. 1957ರಲ್ಲಿ ಒಂದಿಷ್ಟು. 2001ರಲ್ಲಿ ಐವರು. ಎಲಿಜಬೆತ್ ಜಾನ್ಸನ್ ಅನ್ನುವ ಒಬ್ಬಳದು ಹಾಗೇ ಉಳಿದಿತ್ತು. ಅವಳಿಗೆ ನೇಣಿನ ಶಿಕ್ಷೆ ಆಗಿತ್ತು, ಫಿಪ್ಸ್ ತಡೆದ, ಬದುಕಿದಳು, ಮದುವೆಯಾಗಲಿಲ್ಲ, ಮಕ್ಕಳಿಲ್ಲ. ವಂಶದವರು ಇದ್ದರೆ ತಾನೇ ಅರ್ಜಿ ಹಾಕುವುದು? ನಾರ್ತ್ ಆಂಡೋವರ್‌ನ ಒಂದು ಶಾಲೆಯ ಎಂಟನೇ ಕ್ಲಾಸಿನ ಮಕ್ಕಳು ಟೀಚರ್ ಜೊತೆ ಕೂತು ದಾಖಲೆ ಹುಡುಕಿ, ಶಾಸಕರಿಗೆ ಪತ್ರ ಬರೆದು, 2022ರಲ್ಲಿ ಅವಳ ಹೆಸರನ್ನು ಬಿಡಿಸಿದರು. 329 ವರ್ಷ ಆಗಿತ್ತು. ನಿನ್ನ ಕಾಲೇಜಿನ ಲೀಗಲ್ ಏಡ್ ಗುಂಪಿನಲ್ಲಿ ಇದನ್ನು ಹೇಳು.

ಬೇಸಿಗೆ ರಜೆಗೆ ನೀನು ಬಂದರೆ ಸೇಲಂ ಪೇಟೆಯಲ್ಲಿ ಜಾಸ್ತಿ ಹೊತ್ತು ಕಳೆಯುವುದು ಬೇಡ. ಚಾರ್ಟರ್ ಸ್ಟ್ರೀಟಿನ ಹಳೆಯ ಸ್ಮಶಾನದ ಪಕ್ಕ 1992ರಲ್ಲಿ ಮಾಡಿದ ಇನ್ನೊಂದು ಸ್ಮಾರಕ ಇದೆ, ಗೋಡೆಯಿಂದ ಹೊರಗೆ ಚಾಚಿದ 20 ಕಲ್ಲಿನ ಬೆಂಚು, ಅದನ್ನು ನೋಡಿ ಡ್ಯಾನ್ವರ್ಸ್‌ಗೆ ಹೋಗೋಣ. ರೆಬೆಕಾ ನರ್ಸ್‌ಳ ಮನೆ ಈಗಲೂ ಇದೆ, ನಾನು ಹೋಗಿದ್ದ ದಿನ ಬಾಗಿಲು ಹಾಕಿತ್ತು. ವೀಸಾದ ಕಾಗದ ಈಗಲೇ ಶುರು ಮಾಡು, ನಿಮ್ಮಣ್ಣ ಏನೇನು ಬೇಕು ಅಂತ ಪಟ್ಟಿ ಕಳಿಸುತ್ತಾನೆ. ಅಪ್ಪನಿಗೆ ಬೆಳಗಿನ ವಾಕಿಂಗ್ ತಪ್ಪಿಸಬೇಡಿ ಅಂತ ಹೇಳು, ನಾನು ಹೇಳಿದರೆ ಹೂಂ ಅಂದು ಫೋನ್ ನಿನಗೆ ಕೊಟ್ಟುಬಿಡುತ್ತಾರೆ.

ನಿನ್ನ ಅಮ್ಮ